ಹತ್ತೊಂಬತ್ತನೇ ಸ್ಲೈಡಿನ ಮೂತ್ರಕೋಶ ತುಂಬಿತ್ತೋ ಖಾಲಿಯಿತ್ತೋ ಎಂಬ ಬಗ್ಗೆ

ವೈದ್ಯಕೀಯ ಕಾಲೇಜು, ಅಂಗಾಂಶ ವಿಭಾಗ
(ವಿಭಾಗ ಎರಡನೇ ಮಹಡಿಯಲ್ಲಿ, ಶೌಚಾಲಯ ನೆಲಮಹಡಿಯಲ್ಲಿ)

ಸಂಖ್ಯೆ: ಅಂವಿ/ಮೂತ್ರ/19

ವಿಷಯ: ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆದ ವಿದ್ಯಾರ್ಥಿನಿಗೆ ಸೊನ್ನೆ ಕೊಟ್ಟಿರುವ ಕುರಿತು.

ಉಲ್ಲೇಖ: 1) ಸದರಿ ವಿದ್ಯಾರ್ಥಿನಿಯ ಮರುಪರಿಶೀಲನಾ ಅರ್ಜಿ. 2) ಸ್ಲೈಡು ತಯಾರಕರ ಹೇಳಿಕೆ. 3) ಶೌಚಾಲಯದ ಬೀಗದಕೈ ವಹಿ, ಹನ್ನೊಂದು ವರ್ಷ ಹಿಂದಿನದು, ಪುಟ 40.

ಪ್ರಸ್ತಾವನೆ:

ಮೂತ್ರಕೋಶದ ಒಳಪೊರೆಯ ಜೀವಕೋಶಗಳು, ಚೀಲ ಖಾಲಿ ಇದ್ದಾಗ ಐದಾರು ಪದರವಾಗಿ ಒಂದರ ಮೇಲೊಂದು ಕೂತಿರುತ್ತವೆ. ಮೇಲಿನ ಸಾಲಿನವು ದುಂಡಗೆ ಉಬ್ಬಿರುತ್ತವೆ. ಚೀಲ ತುಂಬುತ್ತ ಬಂದಂತೆ ಅವೇ ಸರಿದು, ಹಿಗ್ಗಿ, ಚಪ್ಪಟೆಯಾಗಿ ಎರಡು ಮೂರೇ ಪದರವಾಗಿ ಕಾಣುತ್ತವೆ. ಜಾಗ ಬಿಟ್ಟುಕೊಡುವುದರಲ್ಲಿ ಇಷ್ಟು ಸಭ್ಯತೆ ಈ ವಿಭಾಗದ ಸಿಬ್ಬಂದಿ ಕೊಠಡಿಯಲ್ಲಿ ಇದುವರೆಗೆ ದಾಖಲಾಗಿರುವುದಿಲ್ಲ.

ಪ್ರಾಯೋಗಿಕ ಪರೀಕ್ಷೆಯಲ್ಲಿ ಇಡಲಾಗುವ ಹತ್ತೊಂಬತ್ತನೇ ಸ್ಲೈಡಿನ ಒಂದು ಮೂಲೆ ಮುರಿದಿದೆ. ಹನ್ನೊಂದು ವರ್ಷಗಳಿಂದ ವಿದ್ಯಾರ್ಥಿಗಳು ಮುರಿದ ಮೂಲೆ ಕಂಡ ಕೂಡಲೇ, ಸೂಕ್ಷ್ಮದರ್ಶಕಕ್ಕೆ ಬಗ್ಗುವ ಕಷ್ಟ ತೆಗೆದುಕೊಳ್ಳದೆ, "ಮೂತ್ರಕೋಶ, ಐದಾರು ಪದರ" ಎಂದು ಬರೆದು ನಾಲ್ಕು ಅಂಕ ಪಡೆದಿರುತ್ತಾರೆ. ವಿಭಾಗದ ಮಾದರಿ ಉತ್ತರವೂ ಅದೇ. ಈ ಸಲ ಒಬ್ಬ ವಿದ್ಯಾರ್ಥಿನಿ (ಗೆಳತಿಯರ ಬಾಯಲ್ಲಿ "ಎಣಿಕೆ") ಬಗ್ಗಿದಳು, ಎಣಿಸಿದಳು, ಮಸೂರ ಒರೆಸಿ ಇನ್ನೊಮ್ಮೆ ಎಣಿಸಿದಳು. "ಮೂರು ಪದರ, ಚಪ್ಪಟೆ ಜೀವಕೋಶಗಳು, ಈ ಮೂತ್ರಕೋಶ ತುಂಬಿತ್ತು" ಎಂದು ಬರೆದು ಸೊನ್ನೆ ಪಡೆದಳು. ಎರಡೇ ಅಂಕಕ್ಕೆ ಅನುತ್ತೀರ್ಣಳಾದ್ದರಿಂದ, ಜೊತೆಯವರೆಲ್ಲ ಆಸ್ಪತ್ರೆಯ ವಾರ್ಡಿಗೆ ಹೋಗುವಾಗ ಆಕೆ ಮುಂದಿನ ಆರು ತಿಂಗಳು ಇದೇ ಬೆಂಚಿನಲ್ಲಿ ಕೂರಬೇಕಾಗಿ ಬಂದಿತು.

ಸುದ್ದಿ ಸ್ಲೈಡು ತಯಾರಕರ ಕಿವಿಗೆ ಬಿತ್ತು. ಮೂವತ್ತೊಂದು ವರ್ಷ ಅಂಗಾಂಶಗಳನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಸೀಳಿ, ಬಣ್ಣ ಹಚ್ಚಿದ ಇವರು ಈ ತಿಂಗಳ ಕೊನೆಗೆ ನಿವೃತ್ತರಾಗತಕ್ಕವರು. ಸೇವಾ ಪುಸ್ತಕದಲ್ಲಿ ತಪ್ಪಿಗಾಗಿ ಕೊಟ್ಟ ಮೆಮೊ ಒಂದೂ ಇಲ್ಲ. ಆ ಪುಸ್ತಕವನ್ನು ಅಳಿಯನಿಗೂ ತೋರಿಸಿದ್ದಾರೆ. ಕಂಡೂ ಕಾಣದ ಹಾಗೆ ಇದ್ದುಬಿಡಿ, ಹೋಗುವ ಕಾಲಕ್ಕೆ ಯಾಕೆ ಮೈಮೇಲೆ ಎಳೆದುಕೊಳ್ಳುತ್ತೀರಿ ಎಂದು ಸಹೋದ್ಯೋಗಿಗಳು ಬುದ್ಧಿ ಹೇಳಿದರು. ಅವರು ತಲೆಯಾಡಿಸಿದರು. ಆದರೆ ಎರಡು ದಿನ ಅವರಿಗೆ ಊಟ ಸೇರಲಿಲ್ಲವೆಂದು ಅವರ ಹೆಂಡತಿ ವಿಭಾಗಕ್ಕೆ ಫೋನಿನಲ್ಲಿ ತಿಳಿಸಿರುತ್ತಾರೆ. ಮೂರನೇ ದಿನ ಅವರು ವಿದ್ಯಾರ್ಥಿನಿಯ ಅರ್ಜಿಯ ವಿಚಾರಣಾ ಸಮಿತಿಯ ಮುಂದೆ ತಾವಾಗಿಯೇ ಬಂದು ನಿಂತರು.

ಅವರ ಹೇಳಿಕೆಯ ಸಾರ: ಹನ್ನೊಂದು ವರ್ಷದ ಹಿಂದೆ ಮೂತ್ರಕೋಶಕ್ಕೆ ಫಾರ್ಮಾಲಿನ್ ದ್ರಾವಣ ತುಂಬಿಸಿ, ಕುತ್ತಿಗೆಯನ್ನು ದಾರದಿಂದ ಬಿಗಿದು, ಉಬ್ಬಿದ ಸ್ಥಿತಿಯಲ್ಲೇ ಗಟ್ಟಿಮಾಡಿದ್ದು ಅವರೇ. ಸ್ಲೈಡಿನ ಚೀಟಿಯಲ್ಲಿ (ಪರೀಕ್ಷೆಯಲ್ಲಿ ಇದನ್ನು ಮುಚ್ಚಿಡಲಾಗುತ್ತದೆ) "ಮೂತ್ರಕೋಶ (ತುಂಬಿದ)" ಎಂದು ಬರೆಯುವವರಿದ್ದರು. ಚೀಟಿ ಬರೆದ ದಿನ ಬೆಳಗಿನಿಂದ ಸೀಳುವ ಯಂತ್ರದ ಮುಂದೆ ಕೂತವರು ಎದ್ದಿರಲಿಲ್ಲ. ಶೌಚಾಲಯದ ಬೀಗದಕೈಯನ್ನು ಕಚೇರಿ ಅಧೀಕ್ಷಕರು ಜೇಬಿನಲ್ಲಿಟ್ಟುಕೊಂಡು ಊಟಕ್ಕೆ ಹೋಗಿದ್ದರು. ವಹಿಯ ಪ್ರಕಾರ ಬೀಗದಕೈ ಕೇಳಿದ್ದು 12.40ಕ್ಕೆ, ಸಿಕ್ಕಿದ್ದು 1.55ಕ್ಕೆ. "ಮೂತ್ರಕೋಶ" ಎಂದು ಬರೆಯುವಷ್ಟರಲ್ಲಿ ಬೀಗದಕೈ ಬಂತೆಂದು ಯಾರೋ ಕೂಗಿದರು, ಅವರು ಓಡಿದರು, ಉಳಿದ ಪದ ಉಳಿದೇಹೋಯಿತು. ಆ ಗಳಿಗೆಯಲ್ಲಿ ತಯಾರಕರ ಸ್ವಂತ ಒಳಪೊರೆಯೂ ಎರಡು ಪದರಕ್ಕೆ ಇಳಿದಿದ್ದಿರಬೇಕೆಂದು ಸಮಿತಿ ಅಭಿಪ್ರಾಯಪಟ್ಟಿದೆ.

ಆದುದರಿಂದ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಪದರಗಳ ಸಂಖ್ಯೆ ಬರೆಯುವ ಮುನ್ನ ಸೂಕ್ಷ್ಮದರ್ಶಕಕ್ಕೆ ಕಣ್ಣಿಡತಕ್ಕದ್ದು. ಸದರಿ ಕಣ್ಣು ತೆರೆದಿರತಕ್ಕದ್ದು.

2. ಮುರಿದ ಮೂಲೆಯಿಂದ ಸ್ಲೈಡು ಗುರುತಿಸುವುದನ್ನು ತಡೆಯಲು ಉಳಿದ ಇಪ್ಪತ್ತಮೂರು ಸ್ಲೈಡುಗಳ ಮೂಲೆಗಳನ್ನೂ ಏಕರೂಪವಾಗಿ ಮುರಿಯುವ ಪ್ರಸ್ತಾವನೆಯನ್ನು ಕೈಬಿಡಲಾಗಿದೆ. ಪ್ರಸ್ತಾವನೆ ಕೇಳಿದ ತಯಾರಕರು ಸ್ಲೈಡು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವರು ಸಂಜೆಯವರೆಗೆ ಏಳಲಿಲ್ಲ.

3. ಮೂತ್ರಪಿಂಡದ ಸೂಕ್ಷ್ಮ ರಕ್ತನಾಳದ ಗಂಟುಗಳು ದಿನಕ್ಕೆ ಸುಮಾರು ನೂರೆಂಬತ್ತು ಲೀಟರು ಸೋಸುತ್ತವೆ. ಪಕ್ಕದ ನಳಿಕೆಗಳು ಬೇಕಾದದ್ದನ್ನೆಲ್ಲ ವಾಪಸು ಹೀರಿಕೊಂಡು ಒಂದೂವರೆ ಲೀಟರನ್ನಷ್ಟೇ ಹೊರಗೆ ಬಿಡುತ್ತವೆ. ಸಮಿತಿಯ ನೂರೆಂಬತ್ತು ಪುಟದ ವರದಿಯನ್ನು ಇದೇ ಕ್ರಮದಲ್ಲಿ ಸೋಸಿ ಈ ಸುತ್ತೋಲೆಯನ್ನು ಹೊರಗೆ ಬಿಡಲಾಗಿದೆ. ಓದುವವರು ಬೇಸರಿಸಬಾರದು.

4. ಬೀಗದಕೈ ಕೋರುವ ಸಿಬ್ಬಂದಿ ತಮ್ಮ ಒಳಪೊರೆಯ ಸ್ಥಿತಿಯನ್ನು ನಮೂನೆಯಲ್ಲಿ ನಮೂದಿಸತಕ್ಕದ್ದು. ಐದಾರು ಪದರ: ಸಾಮಾನ್ಯ ಸರದಿ. ಮೂರು ಪದರ: ತುರ್ತು. ಎರಡು ಪದರ: ನಮೂನೆಯನ್ನು ಹಿಂತಿರುಗಿದ ಮೇಲೆ ಭರ್ತಿ ಮಾಡಬಹುದು.

5. ಇನ್ನು ಮುಂದೆ ಅಧೀಕ್ಷಕರು ಊಟಕ್ಕೆ ಹೋಗುವಾಗ ಬೀಗದಕೈ ಗೋಡೆಯ ಮೊಳೆಯಲ್ಲಿರತಕ್ಕದ್ದು. ಮೊಳೆ ಮಂಜೂರಾಗುವವರೆಗೆ ಅಧೀಕ್ಷಕರೇ ಗೋಡೆಯ ಪಕ್ಕ ನಿಂತಿರತಕ್ಕದ್ದು.

6. ಚೀಟಿಯಲ್ಲಿ ಪದ ಬಿಟ್ಟದ್ದಕ್ಕಾಗಿ ತಯಾರಕರಿಗೆ ಮೆಮೊ ಕೊಡಲೇಬೇಕೆಂದು ನಿಯಮವಿರುವುದರಿಂದ ಕೊಡಲಾಗಿದೆ. ತಪ್ಪಿಗೆ ಕಾರಣ ಬರೆಯಿರೆಂದು ಕೇಳಿದಾಗ ಅವರು ಕಾರಣ ಬರೆಯಲಿಲ್ಲ. ಮುಖ್ಯಸ್ಥೆಗೆ ಬಾಯಲ್ಲಿ ಹೇಳಿದ್ದನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಮೆಮೊ ಕೊಡಿ ಮೇಡಂ, ಇಸ್ಕೋತೀನಿ. ಆದ್ರೆ ಆ ಮಗೂಗೆ ಅಂಕ ಕೊಟ್ಬಿಡಿ. ಹನ್ನೊಂದು ವರ್ಷದಲ್ಲಿ ನಾನು ಮಾಡಿದ ಸ್ಲೈಡನ್ನ ನಿಜವಾಗ್ಲೂ ನೋಡಿದೋಳು ಅವಳೊಬ್ಳೇ."

7. ಇದನ್ನು ಕೇಳಿದ ಮೇಲೆ ವಿಭಾಗದ ಮುಖ್ಯಸ್ಥೆ ಬಾಗಿಲು ಹಾಕಿಕೊಂಡು ಹತ್ತೊಂಬತ್ತನೇ ಸ್ಲೈಡನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು. ಚೀಟಿಯಷ್ಟನ್ನೇ ಓದಿ ಮಾದರಿ ಉತ್ತರ ಬರೆದವರು ಅವರೇ. ಹನ್ನೊಂದು ವರ್ಷ ಅಂಕ ಹಾಕಿದವರೂ ಅವರೇ. ಎಣಿಸಿದರು. ಮೂರು. ಮಸೂರ ಒರೆಸಿ ಮತ್ತೆ ಎಣಿಸಿದರು. ಮೂರೇ. ಅವರಿಗೆ ನಾಚಿಕೆಯಾಯಿತು ಎಂಬುದನ್ನು ಅವರ ಅಪ್ಪಣೆಯ ಮೇರೆಗೆ ಇಲ್ಲಿ ನಮೂದಿಸಲಾಗಿದೆ.

8. ವಿದ್ಯಾರ್ಥಿನಿಗೆ ನಾಲ್ಕಕ್ಕೆ ನಾಲ್ಕು ಅಂಕ ನೀಡಿ ಉತ್ತೀರ್ಣಳೆಂದು ಘೋಷಿಸಲಾಗಿದೆ. ಆಕೆ ಸೋಮವಾರದಿಂದ ವಾರ್ಡಿಗೆ ಹಾಜರಾಗತಕ್ಕದ್ದು. ಅಲ್ಲಿಯೂ ಬಗ್ಗಿ ನೋಡತಕ್ಕದ್ದು.

ಸಹಿ/-
ಮುಖ್ಯಸ್ಥೆ, ಅಂಗಾಂಶ ವಿಭಾಗ
(ಈ ಬಾರಿ ನೋಡಿ ಸಹಿ ಮಾಡಲಾಗಿದೆ)

ಪ್ರತಿಗಳು:
1. ಕಚೇರಿ ಅಧೀಕ್ಷಕರಿಗೆ, ಗೋಡೆಯ ಪಕ್ಕ.
2. ಹನ್ನೊಂದು ವರ್ಷಗಳ ಹಳೆಯ ವಿದ್ಯಾರ್ಥಿಗಳಿಗೆ, ಈಗ ವೈದ್ಯರು. ಅಂಕ ವಾಪಸು ಕೇಳಲಾಗುವುದಿಲ್ಲ, ಬಿಡುವಾದಾಗ ಬಂದು ಒಮ್ಮೆ ನೋಡಿಹೋಗುವುದು.
3. ವಿದ್ಯಾರ್ಥಿನಿಗೆ, ಮಾಹಿತಿಗಾಗಿ. ತಯಾರಕರು ಚೀಟಿಯಲ್ಲಿ "ತುಂಬಿದ" ಎಂದು ಸೇರಿಸುವಾಗ ಆಕೆ ಪಕ್ಕದಲ್ಲಿರಬೇಕೆಂದು ಕೋರಿದ್ದಾರೆ.
4. ಸ್ಲೈಡು ತಯಾರಕರ ಸೇವಾ ಪುಸ್ತಕಕ್ಕೆ, ಮೆಮೊದ ಪಕ್ಕದ ಪುಟದಲ್ಲಿ ಅಂಟಿಸಲು; ಅಳಿಯನಿಗೆ ತೋರಿಸುವಾಗ ಎರಡೂ ಪುಟ ತೋರಿಸತಕ್ಕದ್ದು.