ಹಿಂದಿನ ಸೀಟಿನ ಪರೀಕ್ಷೆ

ಮೋಟಾರ್‌ಸೈಕಲ್ ಕೊಳ್ಳಲು ಹೋದವನು ಮುಂದೆ ಕೂತು ನೋಡಬೇಕೋ, ಹಿಂದೆ ಕೂತೋ? ಇದೂ ಒಂದು ಪ್ರಶ್ನೆಯೇ ಎಂದು ನಗಬೇಡಿ. ನಮ್ಮ ಸೋದರಮಾವನನ್ನು ನೀವು ಕಂಡಿಲ್ಲ.

ತೊಂಬತ್ತರ ದಶಕದ ಮಾತು. ಧಾರವಾಡದಿಂದ ಬಂದು ಪುಣೆಯಲ್ಲಿ ಬರೀ ಸೈಕಲ್ ತುಳಿದೇ ಕೂದಲು ಹಣ್ಣಾಗಿಸಿಕೊಂಡ ಮಾವ ಒಂದು ದಿನ, "ಮೋಟಾರ್‌ಸೈಕಲ್ ತಗೋತೀನಿ" ಅಂದ. ನನ್ನ ಕೈಯಲ್ಲಿದ್ದ ಚಹಾ ಬಸಿ ನೆಲಕ್ಕೆ ಬಿತ್ತು. ಐವತ್ತೆರಡನೆಯ ವಯಸ್ಸಿಗೆ!

ಕಾರಣ ಅತ್ತೆ. ಶಿವಾಜಿನಗರದಲ್ಲಿ ಬಸ್ಸು ಇಳಿಯುವಾಗ ಬಿದ್ದು ಮೊಣಕಾಲು ಮುರಿದುಕೊಂಡಿದ್ದಳು. ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ವರ್ಷವಾದರೂ ಹೊಸ್ತಿಲು ದಾಟಲಿಲ್ಲ, ಸ್ವಂತ ತಂಗಿಯ ಮಗಳ ಮದುವೆಗೂ ಹೋಗಲಿಲ್ಲ. ರಿಕ್ಷಾ ತರಿಸಿದರೆ, "ಬ್ಯಾರೆಯವ್ರು ಹೊಡಿಯೋ ಗಾಡಿ ನಾ ಹತ್ತಂಗಿಲ್ಲ" ಅನ್ನುತ್ತಿದ್ದಳು. "ಹಂಗಾದ್ರ ನಾನೇ ಹೊಡೀತೀನಿ" ಅಂದ ಮಾವ. ಇಂಥ ಮನುಷ್ಯನಿಗೆ ಯಾರು ಬುದ್ಧಿ ಹೇಳಬೇಕು?

ಮನೆಯಲ್ಲಿ ಗಾಡಿ ಹೊಡೆಯಲು ಬರುವವಳು ನಾನೊಬ್ಬಳೇ, ಜೊತೆಗೆ ಹೊರಟೆ. ಮೊದಲ ಅಂಗಡಿಯಲ್ಲೇ ನನ್ನ ಮಾನ ಹೋಯಿತು. ಮಾವ ಸೀದಾ ಹಿಂದಿನ ಸೀಟಿಗೆ ಹೋಗಿ, ಎರಡೂ ಕಾಲು ಎಡಗಡೆ ಇಳಿಬಿಟ್ಟು, ಹೆಂಗಸರ ಹಾಗೆ ಅಡ್ಡ ಕೂತ. ಅಂಗಡಿಯವನು ಹೌಹಾರಿದ.

"ಕಾಕಾ, ಹ್ಯಾಂಡಲ್ ಪುಢೆ ಆಹೆ," ಹ್ಯಾಂಡಲ್ ಮುಂದಿದೆ ಅಂದ.

"ಅದು ಆಮೇಲೆ," ಎಂದು ಮರಾಠಿಯಲ್ಲೇ ಗದರಿಸಿ ಮಾವ ಹತ್ತಿದ, ಇಳಿದ, ಮತ್ತೆ ಹತ್ತಿದ. "ಭಾಳ ಎತ್ತರ ಅದ, ನಡೀ."

ಎರಡನೆಯ ಅಂಗಡಿಯಲ್ಲಿ ಚೀಲದಿಂದ ಅತ್ತೆಯ ಇಳಕಲ್ ಸೀರೆ ತೆಗೆದ. ಪ್ಯಾಂಟಿನ ಮೇಲೆಯೇ ಸುತ್ತಿಕೊಂಡ! ನೆರಿಗೆ ಚಕ್ರಕ್ಕೆ ಸಿಗುತ್ತದೆಯೋ ಇಲ್ಲವೋ ನೋಡಬೇಕಲ್ಲ. ಗಿರಾಕಿಗಳು ಬಾಯಿ ತೆರೆದು ನಿಂತರು. ನಾನು ಕಂಬದ ಹಿಂದೆ ನಿಂತು, ಈತ ನಮ್ಮವನಲ್ಲ ಎಂಬ ಮುಖ ಮಾಡಿದೆ. ಹಿಂದಿನ ಸೀಟು ಮೇಲೆದ್ದಿದ್ದ ಒಂದು ಕೆಂಪು ಗಾಡಿಯಿಂದ ಮಾವ ಸೀರೆ ಸಮೇತ ಜಾರಿದ. "ಇದರ ಮ್ಯಾಲೆ ಆಕೀನ್ನ ಕೂಡಿಸ್ಕೊಂಡು ದೌಂಡ ಊರಿಗೆ ಹ್ವಾದ್ರ, ಬರೀ ನಾನೊಬ್ಬನೇ ಮುಟ್ಟತೀನಿ" ಅಂದ.

ಐದನೆಯ ಅಂಗಡಿಯಲ್ಲಿ ನನ್ನ ತಲೆ ಕೆಟ್ಟಿತು. "ಮಾವಾ, ಮೊದಲ ನಿನ್ನ ಕಾಲು ನೆಲಕ್ಕ ಮುಟ್ಟತಾವೇನು ನೋಡು. ನೀ ಬಿದ್ರ ಅತ್ತೀನೂ ಬೀಳ್ತಾಳ."

ಮಾವ ಸೀರೆ ಮಡಚಿಟ್ಟು ಮೊದಲ ಬಾರಿ ಮುಂದೆ ಕೂತ. ಕೊನೆಗೆ ತಗ್ಗಾದ, ಹಗುರಾದ, ಉದ್ದ ಸೀಟಿನ ಒಂದು ಗಾಡಿ ಮನೆಗೆ ಬಂತು. ಎರಡು ತಿಂಗಳು ಮೈದಾನದಲ್ಲಿ ಕಲಿತು ಲೈಸೆನ್ಸೂ ತೆಗೆಸಿದ.

ಅತ್ತೆಯನ್ನು ಕೂರಿಸುವ ದಿನ ನಾನೂ ಇದ್ದೆ. ಕಣ್ಣು ಮುಚ್ಚಿ, ಮಾವನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ಮಾವ ಕೀಲಿ ತಿರುಗಿಸಲೇ ಇಲ್ಲ. ಎರಡೂ ಕಾಲಿನಿಂದ ನೆಲ ಒತ್ತುತ್ತ ಒಂದೊಂದೇ ಮಾರು ಗಾಡಿ ಮುಂದೆ ನೂಕಿದ. ಓಣಿಯವರು ನಕ್ಕರು. ಅವನು ತಿರುಗಿ ನೋಡಲಿಲ್ಲ. ಮೊದಲು ನಾನೂ ನಕ್ಕೆ, ಆಮೇಲೆ ಅಳು ಬಂತು.

ಓಣಿಯ ತುದಿಯಲ್ಲಿ ಅತ್ತೆ ಕಣ್ಣು ತೆರೆದಳು. ಸೆರಗಿನಿಂದ ಅವನ ಕುತ್ತಿಗೆಯ ಬೆವರು ಒರೆಸಿದಳು.

"ಸಾಕ್ರಿ, ದಣಿದೀರಿ. ಈಗ ಚಾಲೂ ಮಾಡ್ರಿ."