ಹೊರಡದ ಗಾಡಿಯಲ್ಲಿ ಹನ್ನೊಂದನೇ ಕಲಮು

ಆರಿಸಿಕೊಳ್ಳುವ ಕೆಲಸವನ್ನು ದೇವರು ಯಾರ ಕೊರಳಿಗಾದರೂ ಕಟ್ಟಲಿ, ನನ್ನಂಥವನ ಕೊರಳಿಗೆ ಕಟ್ಟಬಾರದಿತ್ತು. ಅಂಗಡಿಯವನು ಎರಡು ಅಂಗಿ ತೋರಿಸಿದರೆ ನಾನು ಮೂರನೆಯದನ್ನು ಕೇಳುತ್ತೇನೆ. ಮೂರನೆಯದು ಬಂದ ಮೇಲೆ, ಮೈಮೇಲಿರುವ ಹಳೆಯದೇ ಇನ್ನೊಂದು ವರ್ಷ ಬಾಳುತ್ತದಲ್ಲ ಎಂದು ಎದ್ದು ಬರುತ್ತೇನೆ. ಠಾಣೆ ಸ್ಟೇಷನ್ನಿನ ಹತ್ತಿರ ನನ್ನ ಸೋದರಮಾವನದೊಂದು ಸಸ್ಯಾಹಾರಿ ಹೋಟೆಲು ಇತ್ತು. ಅಲ್ಲಿಯ ಸಪ್ಲಾಯರುಗಳು ನನ್ನನ್ನು ಏನು ಬೇಕೆಂದು ಕೇಳುವುದನ್ನೇ ಬಿಟ್ಟಿದ್ದರು. ಪಕ್ಕದ ಮೇಜಿನವನು ಏನು ತಿನ್ನುತ್ತಿದ್ದನೋ ಅದನ್ನೇ ತಂದು ನನ್ನ ಮುಂದೆ ಇಟ್ಟು ಹೋಗುತ್ತಿದ್ದರು. ನಾನು ಅದನ್ನು ತಿನ್ನುತ್ತಾ ಕಣ್ಣನ್ನು ಮಾತ್ರ ಇನ್ನೊಂದು ಮೇಜಿನ ಮೇಲೆ ಇಟ್ಟಿರುತ್ತಿದ್ದೆ. ಇಂಥವನಿಗೆ ಮನುಷ್ಯರ ಮನಸ್ಸನ್ನು ತಿಳಿಯುವ ಶಾಸ್ತ್ರದಲ್ಲಿ ಎಂ.ಎ. ಮಾಡುವ ಆಸೆ ಹತ್ತಿತು ಎಂದರೆ ನೀವು ನಗುತ್ತೀರಿ. ನಗಿ. ನನ್ನ ಹೆಂಡತಿ ಸುಶೀಲ ಮೊದಲ ವರ್ಷ ನಕ್ಕಳು, ಎರಡನೆಯ ವರ್ಷ ಸುಮ್ಮನಿದ್ದಳು, ಮೂರನೆಯ ವರ್ಷ ನಗಲೂ ಇಲ್ಲ, ಸುಮ್ಮನಿರಲೂ ಇಲ್ಲ.

ಇದು ಎಂಬತ್ತರ ದಶಕದ ನಡುವಿನ ಮಾತು. ಆಗ ನಾವು ಠಾಣೆಯ ಪಕ್ಕದ ಕಳವಾ ಎಂಬ ಊರಿನಲ್ಲಿ ಒಂದು ಕೋಣೆ, ಒಂದು ಅಡುಗೆಕಟ್ಟೆಯ ಮನೆಯಲ್ಲಿದ್ದೆವು. ನಾನು ಮುಲುಂಡಿನ ಔಷಧ ಕಂಪನಿಯೊಂದರಲ್ಲಿ ಗುಮಾಸ್ತ. ಕೆಮ್ಮಿನ ಔಷಧದ ಪೆಟ್ಟಿಗೆಗಳು ಯಾವ ಊರಿಗೆ ಹೋಗಬೇಕೆಂದು ವಿಳಾಸ ಬರೆಯುವುದು ನನ್ನ ಕೆಲಸ. ಪೆಟ್ಟಿಗೆಗಳೆಲ್ಲ ಎಲ್ಲೆಲ್ಲಿಗೋ ಹೋಗುತ್ತಿದ್ದವು, ನಾನು ಮಾತ್ರ ಅದೇ ಕುರ್ಚಿಯಲ್ಲಿ ಕಾಲು ಅಲ್ಲಾಡಿಸುತ್ತಾ ಕೂತಿರುತ್ತಿದ್ದೆ. ಸುಶೀಲ ಕನ್ನಡ ಶಾಲೆಯೊಂದರಲ್ಲಿ ಟೀಚರು. ಮನೆಯಲ್ಲಿ ನಾವು ಆಡುವುದು ತುಳು. ಮಾತು ಗಂಭೀರವಾದಾಗ ಮಾತ್ರ ಅವಳು ಕನ್ನಡಕ್ಕೆ ಬರುತ್ತಿದ್ದಳು. ಹಾಗಾಗಿ ಅವಳ ಬಾಯಲ್ಲಿ ಕನ್ನಡ ಕೇಳಿದ ಕೂಡಲೇ ನಾನು ಬೆಂಚಿನ ಮೇಲೆ ನಿಂತ ಹುಡುಗನಾಗುತ್ತಿದ್ದೆ. ಆ ವರ್ಷ ಅವಳು ಕನ್ನಡದಲ್ಲೇ ಹೇಳಿದಳು: "ನೋಡಿ, ಎರಡು ವರ್ಷ ಫಾರಂ ತಂದಿರಿ, ಎರಡು ವರ್ಷವೂ ಕೊನೆಯ ದಿನ ದಾಟಿಸಿದಿರಿ. ಈ ಸಲವೂ ಹಾಗೇ ಆದರೆ ನಿಮ್ಮ ಆ ಪುಸ್ತಕಗಳನ್ನೆಲ್ಲ ರದ್ದಿಯವನಿಗೆ ಕೊಡ್ತೇನೆ. ಆಮೇಲೆ ಮನಶ್ಶಾಸ್ತ್ರದ ಹೆಸರು ಎತ್ತಬಾರದು. ಒಪ್ಪಿಗೆ ಉಂಟಾ?" ಯೋಚಿಸಿ ಹೇಳುತ್ತೇನೆ ಎಂದೆ. ತಮಾಷೆಗೆ ಹೇಳಿದ್ದಲ್ಲ, ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಬಿ.ಎ.ಗೆ ಓದಿದ ಆ ಹತ್ತು ಹನ್ನೆರಡು ಪುಸ್ತಕಗಳು ಹೋದರೆ ಆಮೇಲೆ ನನ್ನಲ್ಲಿ ಉಳಿಯುವುದು ವಿಳಾಸ ಬರೆಯುವ ಒಂದು ಕೈ ಮಾತ್ರ.

ಮನಶ್ಶಾಸ್ತ್ರ ಎಂದರೆ ಆಗ ನಮ್ಮ ಸುತ್ತಲಿನವರಿಗೆ ಗೊತ್ತಿದ್ದದ್ದು ಒಂದೇ. ಮುಂಬಯಿ ಕಡೆಯಲ್ಲಿ ಯಾರಾದರೂ ತಲೆಕೆಟ್ಟಂತೆ ಆಡಿದರೆ 'ಇವನನ್ನು ಠಾಣೆಗೆ ಕಳಿಸಬೇಕು' ಅನ್ನುವುದು ವಾಡಿಕೆ. ಅಲ್ಲಿ ಹುಚ್ಚರ ಆಸ್ಪತ್ರೆ ಇದ್ದದ್ದೇ ಕಾರಣ. ಠಾಣೆಯಲ್ಲೇ ಹೋಟೆಲಿನ ಗಲ್ಲಾದ ಮೇಲೆ ಕೂತು ಬಾಳು ಕಳೆದ ನನ್ನ ಸೋದರಮಾವ ವಾಸುಮಾವನಿಗೆ ಈ ಮಾತು ಕೇಳಿದರೆ ಸಿಟ್ಟು ಬರುತ್ತಿತ್ತು. ಆದರೆ ನನ್ನ ಎಂ.ಎ. ವಿಷಯ ಎತ್ತಿದಾಗ ಅವರೂ ಅದನ್ನೇ ಹೇಳಿದರು. "ಎಂತ ಮಾರಾಯ ನೀನು? ಹುಚ್ಚರ ಮಧ್ಯೆ ಕೂತುಕೊಳ್ಳಲಿಕ್ಕೆ ಪರೀಕ್ಷೆ ಬೇರೆ ಕಟ್ಟಬೇಕಾ? ಬೆಳಿಗ್ಗೆ ಏಳು ಗಂಟೆಗೆ ಬಂದು ನನ್ನ ಗಲ್ಲಾದಲ್ಲಿ ಕೂತುಕೋ, ಫೀಸಿಲ್ಲದೆ ಕಲೀಬಹುದು." ನಾನು ಸೋಲಲಿಲ್ಲ. ಶಾಯಿಯ ಕಲೆ ತೋರಿಸಿ, ಅದರಲ್ಲಿ ಏನು ಕಾಣುತ್ತದೆಂದು ಕೇಳಿ, ಮನಸ್ಸಿನ ಆಳ ಅಳೆಯುವ ಪರೀಕ್ಷೆಯೊಂದಿದೆಯೆಂದು ಅವರಿಗೆ ವಿವರಿಸಿದೆ. ಕಾಗದದ ನಡುವೆ ಶಾಯಿ ಚೆಲ್ಲಿ, ಮಡಿಸಿ, ಬಿಚ್ಚಿ ಅವರ ಮುಂದೆ ಹಿಡಿದೆ. ಮಾವ ಕನ್ನಡಕ ಏರಿಸಿಕೊಂಡು ಒಂದು ನಿಮಿಷ ನೋಡಿದರು. ಆಮೇಲೆ ಒಳಗೆ ತಿರುಗಿ, "ಯಾರಾ ಅದು ಸಾಂಬಾರು ಚೆಲ್ಲಿದ್ದು?" ಎಂದು ಗದರಿದರು. ಮಾವನ ಮನಸ್ಸಿನ ಆಳ ಅಷ್ಟೇ ಎಂದು ನಾನು ಪುಸ್ತಕದಲ್ಲಿ ಬರೆದುಕೊಂಡೆ. ಹೋಟೆಲು ಚೆನ್ನಾಗಿ ನಡೆಯುತ್ತಿದ್ದುದಕ್ಕೆ ಅದೇ ಕಾರಣ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಫಾರಂ ತಂದದ್ದು ಮೂರು ಕಡೆಯಿಂದ: ಮುಂಬಯಿ, ಪುಣೆ, ಧಾರವಾಡ. ಮುಂಬಯಿಯಾದರೆ ನೌಕರಿ ಉಳಿಯುತ್ತದೆ, ಏಕೆಂದರೆ ನಮ್ಮ ಮೇಲಿನವರು ಬೆಳಗಿನ ಪಾಳಿ ಕೊಡಲು ಒಪ್ಪಿದ್ದರು. ಆದರೆ ಓದಲು ಹೊತ್ತು ಸಿಗದು. ಧಾರವಾಡವಾದರೆ ಓದಲು ಹೊತ್ತೇ ಹೊತ್ತು; ಆದರೆ ನೌಕರಿಯೂ ಇಲ್ಲ, ಹೆಂಡತಿಯೂ ಇಲ್ಲ. ಪುಣೆ ಇವೆರಡರ ನಡುವೆ ಇದ್ದುದರಿಂದ ಎರಡರ ತೊಂದರೆಯೂ ಅದರಲ್ಲಿತ್ತು. ಊರು ಆರಿಸಿದರೆ ಮುಗಿಯಿತೇ? ಯಾವ ಶಾಖೆ ಎಂದು ಬೇರೆ ಬರೆಯಬೇಕು. ರೋಗಿಗಳ ಮನಸ್ಸೋ, ಕಾರ್ಖಾನೆಯವರ ಮನಸ್ಸೋ, ಅಥವಾ ಸುಮ್ಮನೆ ಕಷ್ಟ ಹೇಳಿಕೊಳ್ಳಲು ಬಂದವರಿಗೆ ಸಲಹೆ ಕೊಡುವ ಕೌನ್ಸೆಲಿಂಗೋ? ಮೂರು ಊರು, ಮೂರು ಶಾಖೆ. ನಾನು ಎಲ್ಲವನ್ನೂ ಪೆನ್ಸಿಲಿನಲ್ಲಿ ತುಂಬಿ, ಮಾರನೆಯ ದಿನ ಅಳಿಸಿ, ಮತ್ತೆ ತುಂಬುತ್ತಿದ್ದೆ. ಪುಣೆಯ ಫಾರಮ್ಮಿಗೆ ಉಜ್ಜಿ ಉಜ್ಜಿ ತೂತು ಬಿತ್ತು. ಧಾರವಾಡದ್ದರ ಕೊನೆಯ ದಿನ, ನಾನು ಅಲ್ಲಿಯ ಚಳಿಯ ಬಗ್ಗೆ ವಿಚಾರಿಸುತ್ತಿರುವಾಗಲೇ ದಾಟಿಹೋಯಿತು. ಉಳಿದದ್ದು ಮುಂಬಯಿಯದು ಒಂದೇ. ಅದರ ಹನ್ನೊಂದನೇ ಕಲಮಿನಲ್ಲಿ, ಈ ವಿಷಯವನ್ನೇ ಏಕೆ ಆರಿಸಿಕೊಂಡಿರಿ, ಎಂದು ಕೇಳಿ ಅರ್ಧ ಪುಟ ಖಾಲಿ ಬಿಟ್ಟಿದ್ದರು. ಮಾನವಕುಲದ ಸೇವೆಗಾಗಿ ಎಂದು ಬರೆದೆ. ಓದಿದರೆ ನನಗೇ ನಗು ಬಂತು. ಜ್ಞಾನದಾಹದಿಂದ ಎಂದು ಬರೆದೆ; ಸುಶೀಲ ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಪ್ರಶ್ನೆಚಿಹ್ನೆ ಹಾಕಿದಳು. ಅವಳಿಗೆ ಅದು ಶಾಲೆಯ ಅಭ್ಯಾಸ. ನನಗೆ ಮತ್ತೊಂದು ಫಾರಂ ತರುವ ಕೆಲಸವಾಯಿತು.

ಈಗ ನಮ್ಮ ಕಳವಾ ಊರಿನವರ ಒಂದು ಪದ್ಧತಿಯನ್ನು ನಿಮಗೆ ಹೇಳಬೇಕು. ಬೆಳಗಿನ ಹೊತ್ತು ಕಲ್ಯಾಣ, ಡೊಂಬಿವಲಿಗಳಿಂದ ಬರುವ ಲೋಕಲ್ಲುಗಳು ಕಳವಾ ಸ್ಟೇಷನ್ನಿಗೆ ಬರುವಷ್ಟರಲ್ಲಿ ಬಾಗಿಲಲ್ಲೇ ಜನ ಜೋತುಬಿದ್ದಿರುತ್ತಿದ್ದರು. ಹತ್ತುವ ಮಾತು ಹಾಗಿರಲಿ, ಬಾಗಿಲು ಎಲ್ಲಿದೆಯೆಂದೇ ಕಾಣುತ್ತಿರಲಿಲ್ಲ. ಆದರೆ ರೈಲು ತೊಳೆದು ನಿಲ್ಲಿಸುವ ಕಾರ್‌ಶೆಡ್ ನಮ್ಮ ಊರಿನಲ್ಲೇ ಇತ್ತು. ಅಲ್ಲಿಂದ ಕೆಲವು ಗಾಡಿಗಳು ಖಾಲಿಯಾಗಿ ಠಾಣೆಗೆ ಹೋಗಿ, ಅಲ್ಲಿಂದ ಮುಂಬಯಿಗೆ ಹೊರಡುತ್ತಿದ್ದವು. ಆದ್ದರಿಂದ ನಾವು ಸ್ಟೇಷನ್ನಿಗೆ ಹೋಗುವ ಬದಲು ಹಳಿಗಳ ಪಕ್ಕ ನಡೆದು ನೇರವಾಗಿ ಶೆಡ್ಡಿಗೇ ಹೋಗಿ, ನಿಂತ ಗಾಡಿಯನ್ನು ಹತ್ತಿ ಕೂತುಬಿಡುತ್ತಿದ್ದೆವು. ರೈಲ್ವೆಯವರಿಗೆ ಇದು ಒಪ್ಪಿಗೆಯಿರಲಿಲ್ಲ, ಆದರೆ ಅವರ ಒಪ್ಪಿಗೆ ನಮಗೂ ಬೇಕಾಗಿರಲಿಲ್ಲ. ಪ್ಲಾಟ್‌ಫಾರ್ಮಿಲ್ಲದ ಜಾಗದಲ್ಲಿ ರೈಲಿನ ಬಾಗಿಲು ನೆಲದಿಂದ ಎಷ್ಟು ಎತ್ತರ ಎನ್ನುವುದು ಧೋತಿ ಉಟ್ಟು ಹತ್ತಿದವರಿಗೇ ಗೊತ್ತು. ಮುಲುಂಡು ನನಗೆ ಎರಡನೆಯ ಸ್ಟೇಷನ್ನು. ಅಷ್ಟು ದೂರಕ್ಕೆ ಸೀಟು ಏಕೆ ಎಂದು ಪಕ್ಕದ ಮನೆಯವರು ನಗುತ್ತಿದ್ದರು. ಸೀಟಿನ ಆಸೆಗೆ ನಾನು ಹೋಗುತ್ತಿರಲಿಲ್ಲ. ಒಂದು ಕೋಣೆಯ ಮನೆಯಲ್ಲಿ ಸಿಗದ ಇಪ್ಪತ್ತು ನಿಮಿಷದ ಏಕಾಂತ ಆ ಖಾಲಿ ಗಾಡಿಯಲ್ಲಿ ಸಿಗುತ್ತಿತ್ತು. ನನ್ನ ಮನಶ್ಶಾಸ್ತ್ರವೆಲ್ಲ ಅಲ್ಲಿಯೇ ಓದಿದ್ದು.

ಕೊನೆಯ ದಿನ ಬಂತು. ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಅರ್ಜಿ ತೆಗೆದುಕೊಳ್ಳುವ ಕಿಟಕಿ ಮಧ್ಯಾಹ್ನ ಒಂದು ಗಂಟೆಗೆ ಮುಚ್ಚುತ್ತದೆ. ರಜೆ ಹಾಕಿ, ಇಸ್ತ್ರಿಯ ಅಂಗಿ ತೊಟ್ಟು, ಎಂಟೂವರೆಗೆ ಶೆಡ್ಡಿಗೆ ಹೋದೆ. ಹನ್ನೊಂದನೇ ಕಲಮು ಮತ್ತು ಶಾಖೆಯ ಚೌಕ ಇನ್ನೂ ಖಾಲಿ. ದಿನವೂ ಹತ್ತುವ ಹಳಿಯ ಮೇಲೆ ನಿಂತಿದ್ದ ಗಾಡಿ ಹತ್ತಿ ನೋಡಿದರೆ ಡಬ್ಬಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಶುಭಶಕುನವೆಂದುಕೊಂಡು ಕಿಟಕಿಯ ಪಕ್ಕ ಕೂತೆ. ಬರೆದೆ, ಅಳಿಸಿದೆ. ಎದ್ದು ಎದುರಿನ ಕಿಟಕಿಗೆ ಹೋದೆ, ಅಲ್ಲಿ ಬಿಸಿಲೆಂದು ವಾಪಸು ಬಂದೆ. ಜನ ಏಕೆ ಬಂದಿಲ್ಲ ಎಂಬ ಅನುಮಾನ ಬರದೆ ಇರಲಿಲ್ಲ. ಆದರೆ ಗುಂಪಿನ ಮನಸ್ಸು ಕೆಲವು ದಿನ ಕಾರಣವಿಲ್ಲದೆ ದಿಕ್ಕು ಬದಲಿಸುತ್ತದೆಂದು ಎಲ್ಲೋ ಓದಿದ್ದೆನಲ್ಲ, ಅದು ಇದೇ ಇರಬೇಕೆಂದು ಸಮಾಧಾನಪಟ್ಟೆ. ಸ್ವಲ್ಪ ಹೊತ್ತಿನಲ್ಲಿ ಪಕ್ಕದ ಹಳಿಯ ಗಾಡಿ ಹೊರಟಿತು. ಅದರ ತುಂಬಾ ನಮ್ಮವರೇ. ಬಾಗಿಲಲ್ಲಿ ನಿಂತ ಐದಾರು ಮಂದಿ ನನ್ನ ಕಡೆ ಕೈ ಬೀಸಿ ಏನೋ ಕೂಗಿದರು. ನಾನು ಅರ್ಜಿ ಕೊಡಲು ಹೋಗುವುದು ಇವರಿಗೆಲ್ಲ ಹೇಗೋ ತಿಳಿದಿದೆ, ಶುಭ ಕೋರುತ್ತಿದ್ದಾರೆ ಎಂದು ಕಣ್ಣು ತುಂಬಿ ಬಂತು. ನಾನೂ ಎರಡೂ ಕೈ ಬೀಸಿದೆ.

ಹತ್ತು ಗಂಟೆ ದಾಟಿದ ಮೇಲೆ ಡಬ್ಬಿಗೆ ಒಬ್ಬರು ಹತ್ತಿದರು. ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಉದ್ದನೆಯ ಪೊರಕೆ. ಗಾಡಿ ತೊಳೆಯುವ ಭೀಮಣ್ಣ, ಬಿಜಾಪುರದ ಕಡೆಯವರು. ದಿನವೂ ಮುಖ ನೋಡಿ ತಲೆಯಾಡಿಸುವಷ್ಟು ಪರಿಚಯ.

"ಏನ್ರೀ ಸಾಹೇಬ್ರ, ಇನ್ನೂ ಇಲ್ಲೇ ಕುಂತೀರಿ? ಈ ಗಾಡಿ ಇವತ್ತ ಹೊರಗ ಬೀಳಂಗಿಲ್ಲ. ಮೋಟರ್ ಕೆಟ್ಟೈತಿ."

ನಾನು ಫಾರಂ ಹಿಡಿದುಕೊಂಡೇ ಎದ್ದು ನಿಂತೆ. "ಅಯ್ಯೋ, ಮೊದಲೇ ಹೇಳಬಾರದಿತ್ತೇ ಭೀಮಣ್ಣ?"

"ಅಲ್ಲಿಂದ ನೋಡಾಕತ್ತಿದ್ದೆ. ನೀವು ಬರೀತಿದ್ರಿ, ಅಳಸ್ತಿದ್ರಿ, ಎದ್ದು ಅಡ್ಡಾಡ್ತಿದ್ರಿ, ಮತ್ತ ಕುಂತು ಬರೀತಿದ್ರಿ. ಮನ್ಯಾಗ ಏನೋ ತ್ರಾಸ ಇರಬೇಕು, ಪಾಪ, ಸ್ವಲ್ಪ ಹೊತ್ತು ತಣ್ಣಗ ಕುಂಡ್ರಲಿ ಅಂತ ಬಿಟ್ಟೆ. ಏನಾಗೈತ್ರಿ?"

ಹಾಗೆ ಕೇಳಿ, ಪೊರಕೆಯನ್ನು ಕೆಳಗಿಟ್ಟು, ಎದುರಿನ ಸೀಟಿನ ತುದಿಯಲ್ಲಿ ಕೂತರು. ಆ ಮೂರು ವರ್ಷಗಳಲ್ಲಿ ಈ ವಿಷಯದ ಬಗ್ಗೆ ಯಾರೂ ನನ್ನೆದುರು ಕೂತು ಕೇಳಿರಲಿಲ್ಲ. ಎಲ್ಲರೂ ನಿಂತು ಹೇಳಿದವರೇ. ನಾನು ಎಲ್ಲವನ್ನೂ ಒದರಿಬಿಟ್ಟೆ. ಮೂರು ಊರು, ಮೂರು ಶಾಖೆ, ಧಾರವಾಡದ ಚಳಿ, ಕೆಂಪು ಶಾಯಿ, ಎಲ್ಲ. ನನಗೆ ಆರಿಸಲು ಬರುವುದಿಲ್ಲ, ಅದು ನನ್ನ ಹುಟ್ಟುಗುಣ ಎಂದು ಮುಗಿಸಿದೆ.

ಭೀಮಣ್ಣ ಬಕೆಟ್ಟನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದರು. "ಸಿಟ್ಟಾಗಬ್ಯಾಡ್ರಿ. ನಿಮಗ ಆರಸಾಕ ಬರಂಗಿಲ್ಲ ಅಂತ ನನಗ ಅನಸಂಗಿಲ್ಲ. ಅವರು ನಿಮ್ಮನ್ನ ಆರಸದಿದ್ರ ಹ್ಯಾಂಗ ಅಂತ ಅಂಜಿಕಿ. ಅರ್ಜಿ ಹಾಕಲಿಲ್ಲಂದ್ರ ಯಾರೂ ಒಲ್ಲೆ ಅನ್ನಂಗಿಲ್ಲ ನೋಡ್ರಿ."

ಮೂರು ವರ್ಷ ನಾನು ಪುಸ್ತಕಗಳಲ್ಲಿ ಹುಡುಕಿದ್ದು ಒಂದು ಬಕೆಟ್ಟಿನ ಪಕ್ಕದಲ್ಲಿ ಸಿಕ್ಕಿತ್ತು. "ಇದು ನಿಮಗೆ ಹೇಗೆ ಗೊತ್ತಾಯಿತು?" ಎಂದೆ.

ಭೀಮಣ್ಣ ನಾಚಿಕೊಂಡು ಅಂಗಿಯ ಒಳಜೇಬಿನಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದರು. ನೌಕರಿ ಕಾಯಂ ಮಾಡಿಸಿಕೊಳ್ಳುವ ಅರ್ಜಿಯ ಫಾರಂ. ಮಡಿಕೆಗಳಲ್ಲಿ ಹರಿದಿತ್ತು. "ಎಂಟು ತಿಂಗಳಾತು ಕಿಸೇದಾಗ ಇಟ್ಕೊಂಡು. ನಮ್ಮಾಕಿ ದಿನಾ ಬೈತಾಳ. ಈಗ ನಿಮಗ ಹೇಳಿದ್ನಲ್ಲ, ಅಕಿ ನನಗ ಹೇಳಿದ್ದ ಮಾತು ರೀ ಅದು."

ಇಬ್ಬರೂ ಜೋರಾಗಿ ನಕ್ಕೆವು. ಆಮೇಲೆ ನನಗೆ ಎಲ್ಲಿಂದ ಹುರುಪು ಬಂತೋ! ಅವರ ಫಾರಮ್ಮನ್ನು ತೊಡೆಯ ಮೇಲಿಟ್ಟುಕೊಂಡು, ಪೆನ್ನು ತೆಗೆದು, ಹೆಸರು, ಊರು, ಎಷ್ಟು ವರ್ಷದಿಂದ ಕೆಲಸ, ಏಕೆ ಕಾಯಂ ಮಾಡಬೇಕು, ಎಲ್ಲವನ್ನೂ ಹತ್ತು ನಿಮಿಷದಲ್ಲಿ ಬರೆದು ಮುಗಿಸಿದೆ. ಒಂದು ಅಕ್ಷರ ಅಳಿಸಲಿಲ್ಲ. ಇನ್ನೊಬ್ಬರ ಬಾಳಿನ ಬಗ್ಗೆ ನಾನು ಎಷ್ಟು ಖಚಿತವಾಗಿ ಬರೆಯಬಲ್ಲೆ ಎಂದು ನನಗೇ ಆಶ್ಚರ್ಯವಾಯಿತು. ಭೀಮಣ್ಣ ಸಹಿ ಹಾಕಿ, "ಈಗ ನಿಮ್ದು ಬರೀರಿ, ನಾ ಇಲ್ಲೇ ನಿಂತಿರ್ತೀನಿ" ಎಂದರು. ಆ ಬಿಸಿಯಲ್ಲೇ ಶಾಖೆಯ ಚೌಕದಲ್ಲಿ ಕೌನ್ಸೆಲಿಂಗ್ ಎಂದು ಬರೆದೆ. ಹನ್ನೊಂದನೇ ಕಲಮಿನಲ್ಲಿ ಬರೆದದ್ದು ಎರಡೇ ಸಾಲು: ಒಬ್ಬರು ಕಷ್ಟ ಹೇಳಿಕೊಳ್ಳುವಾಗ ಎದುರಿನವರು ಕೈಯಲ್ಲಿರುವುದನ್ನು ಕೆಳಗಿಟ್ಟು ಕೇಳಬೇಕು. ನನಗೆ ಅದು ಬರುವುದಿಲ್ಲ, ಕಲಿಯಬೇಕು.

ಆಮೇಲೆ ಹಳಿಗಳ ಪಕ್ಕ ಓಡಿ, ಸ್ಟೇಷನ್ನಿಗೆ ಬಂದು, ಸಿಕ್ಕ ಲೋಕಲ್ಲಿನಲ್ಲಿ ಒಂದೇ ಕಾಲಿನ ಮೇಲೆ ನಿಂತು ಹೋದೆ. ಕಿಟಕಿಯವನು ಅರ್ಧ ಮುಚ್ಚಿದ್ದ ಬಾಗಿಲನ್ನು ತೆರೆದು ಫಾರಂ ತೆಗೆದುಕೊಂಡ. ಅಂಗಿಯ ಇಸ್ತ್ರಿ ಹೋಗಿತ್ತು, ಅಂಗೈಯೆಲ್ಲ ಶಾಯಿ. ಮನೆಗೆ ಬಂದು ಸುಶೀಲಳಿಗೆ ಹೇಳಿದರೆ ಅವಳು ನಂಬದೆ ರಸೀದಿ ತಿರುಗಿಸಿ ತಿರುಗಿಸಿ ನೋಡಿದಳು.

ಸಂದರ್ಶನವಾಯಿತು. ಪಟ್ಟಿ ಬಂತು. ಅದರಲ್ಲಿ ನನ್ನ ಹೆಸರಿರಲಿಲ್ಲ; ಕಾಯುವವರ ಪಟ್ಟಿಯಲ್ಲಿ ಮೊದಲನೆಯದಾಗಿತ್ತು. ಅಂದರೆ ಯಾರೋ ಒಬ್ಬರು ಬಿಡಬೇಕು. ಆಮೇಲಿನ ಮೂರು ವಾರ ನಾನು ಊಟ ಮಾಡಿದ್ದು, ಪೆಟ್ಟಿಗೆಗಳಿಗೆ ವಿಳಾಸ ಬರೆದದ್ದು ಒಂದೂ ನೆನಪಿಲ್ಲ. ಬೀದಿಯಲ್ಲಿ ಅಂಚೆಯವನ ಸೈಕಲ್ಲು ಕಂಡರೆ ಎದ್ದು ನಿಲ್ಲುತ್ತಿದ್ದೆ. ಭೀಮಣ್ಣನ ನೌಕರಿ ಕಾಯಂ ಆದ ಸುದ್ದಿ ಅಷ್ಟರಲ್ಲಿ ಬಂತು, ಪೇಡೆಯನ್ನೂ ಕೊಟ್ಟರು. ಸಂತೋಷಪಟ್ಟೆ, ಸ್ವಲ್ಪ ಹೊಟ್ಟೆಯುರಿಯನ್ನೂ ಪಟ್ಟೆ. ಕೊನೆಗೊಂದು ಬೆಳಿಗ್ಗೆ ಆ ಲಕೋಟೆ ಬಂತು: ಆಯ್ಕೆಯಾದವರೊಬ್ಬರು ಗೊತ್ತುಪಡಿಸಿದ ದಿನದೊಳಗೆ ಉತ್ತರ ಕೊಡದ ಕಾರಣ ಆ ಸೀಟು ನನಗೆ, ಮೂರು ದಿನದೊಳಗೆ ಒಪ್ಪಿಗೆ ತಿಳಿಸಬೇಕು.

ಸುಶೀಲ ಓದಿ ಕುಣಿದಳು. ನಾನು ಮಾತ್ರ ಆ ಉತ್ತರ ಕೊಡದವನ ಬಗ್ಗೆ ಯೋಚಿಸುತ್ತಾ ಕೂತೆ. ಯಾರೋ ನನ್ನಂಥವನೇ ಇರಬೇಕು. ಎರಡು ಊರಿನ ನಡುವೆ ತೂಗುತ್ತಾ, ಉಜ್ಜುತ್ತಾ, ದಿನ ದಾಟಿಸಿದ. ಅವನಿಂದಾಗಿಯೇ ನನಗೆ ಸಿಕ್ಕಿತು. ಪಾಪದವನ ಬಗ್ಗೆ ಎರಡು ಕೃತಜ್ಞತೆಯ ಮಾತು ಒಪ್ಪಿಗೆ ಪತ್ರದಲ್ಲಿ ಸೇರಿಸುವುದು ಸರಿಯೇ, ತಪ್ಪೇ? 'ಸಂತೋಷದಿಂದ ಒಪ್ಪಿದ್ದೇನೆ' ಎಂದರೆ ತೀರ ಆಸೆಬುರುಕನಂತೆ ಕಾಣುತ್ತದೆಯೇ? ಬರೇ 'ಒಪ್ಪಿದ್ದೇನೆ' ಎಂದರೆ ಗರ್ವವೆಂದುಕೊಂಡಾರೇ? ಹೀಗೆ ಮೂರನೆಯ ದಿನದ ಹನ್ನೊಂದು ಗಂಟೆಯಾಯಿತು. ಸುಶೀಲ ಬಂದು, ನನ್ನ ಮುಂದಿದ್ದ ಏಳು ಕರಡುಗಳನ್ನು ನೋಡಿ, ಹೊಸ ಹಾಳೆ ತೆಗೆದುಕೊಂಡು ಒಂದೇ ಸಾಲು ಬರೆದಳು. ಮನುಷ್ಯರಿಗೆ ಸಲಹೆ ಕೊಡುವ ವಿದ್ಯೆ ಕಲಿಯಲು ನಾನು ಸೇರಿದ ಆ ವಿಭಾಗದ ಕಡತದಲ್ಲಿ ನನ್ನ ಒಪ್ಪಿಗೆ ಪತ್ರ ಅವಳ ದುಂಡು ಅಕ್ಷರದಲ್ಲಿದೆ. ಸಹಿ ಮಾತ್ರ ನನ್ನದು. ಅದನ್ನೂ ಅವಳು ಪಕ್ಕದಲ್ಲಿ ನಿಂತು ಹಾಕಿಸಿಕೊಂಡಳು.