ಕೇಳದ ಕಿವಿ ಬೇಕಾಗಿದೆ

ಲಾರಿ ಡ್ರೈವರ್ ಬೆಳಗ್ಗೆಯೇ ಲೋಡು ಸಿಕ್ಕಿತೆಂದು ಹೊರಟುಹೋದದ್ದೇ ಎಲ್ಲ ಅನರ್ಥಕ್ಕೂ ಮೂಲ. ಪಾದ್ರಿಗಳು ಅವನಿಗೆ ವಾರದಿಂದ ಚಹಾ ಕುಡಿಸಿ ಕಾಯ್ದಿಟ್ಟುಕೊಂಡಿದ್ದರು. ಊರಿನ ಭಾಷೆ ಬಲ್ಲವನು, ಬೀದಿಗೆ ಹೊಸಬ, ಬೈಬಲ್ಲಿನ ಒಂದು ಮಾತೂ ಕಿವಿಗೆ ಬೀಳದವನು. ಅಂಥವನು ಇನ್ನೆಲ್ಲಿ ಸಿಕ್ಕಾನು?

ಆ ಭಾಷೆಗೆ ಬೈಬಲ್ ತರಲು ಪಾದ್ರಿಗಳು ಹದಿನಾಲ್ಕು ವರ್ಷ ತಲೆ ಚಚ್ಚಿಕೊಂಡಿದ್ದರು. ಅಚ್ಚಿಗೆ ಹೋಗುವ ಮುಂಚೆ ಮಿಷನ್ನಿನದೊಂದು ಪರೀಕ್ಷೆ. ಹಿಂದೆಂದೂ ಕೇಳಿರದ ಒಬ್ಬರ ಮುಂದೆ ಒಮ್ಮೆ ಓದಬೇಕು, ಅವರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಹೇಳಿದರೆ ಅಚ್ಚು. ಇಲ್ಲವಾದರೆ ಕೆಲಸ ಬಂದ್, ಪಾದ್ರಿಗಳು ಗಂಟುಮೂಟೆ ಕಟ್ಟಬೇಕು. ಪರೀಕ್ಷಕರು ಮಧ್ಯಾಹ್ನದ ಬಸ್ಸಿಗೆ ಬರುವವರಿದ್ದರು.

ಪಾದ್ರಿಗಳು ಬೀದಿಗಿಳಿದರು. ಆದರೆ ಬರೆದ ಪ್ರತಿ ವಾಕ್ಯವನ್ನೂ ಕಿಟಕಿಯ ಬಳಿ ನಿಂತು ಹತ್ತು ಸಲ ಗಟ್ಟಿಯಾಗಿ ಓದುವುದು ಅವರ ಅಭ್ಯಾಸ. ಬೀದಿಗೆ ಬೀದಿಯೇ ಕೇಳಿ ಕೇಳಿ ರೋಸಿಹೋಗಿತ್ತು. ಹಾಲಿನವಳು ಬೈಬಲ್ಲಿನ ಆ ಕತೆ, ನೂರರಲ್ಲಿ ತಪ್ಪಿಹೋದ ಒಂದು ಕುರಿಗಾಗಿ ಬೆಟ್ಟ ಅಲೆದ ಕುರಿ ಕಾಯುವವನ ಕತೆ ಹೇಳಿಯೇ ಮೊಮ್ಮಕ್ಕಳನ್ನು ಮಲಗಿಸುತ್ತಿದ್ದಳಂತೆ. ಕಿವುಡನೆಂದೇ ಹೆಸರಾದ ಗಡಿಯಾರ ರಿಪೇರಿಯವನು, ನಿಮ್ಮ ದನಿಯ ಮುಂದೆ ನನ್ನ ಕಿವುಡು ಏನು ಮಾಡೀತು ಅಂದ. ಎದುರು ಮನೆಯ ದರ್ಜಿ ಹೊಲಿಗೆ ನಿಲ್ಲಿಸದೆಯೇ ನಕ್ಕ.

"ತೊಂಬತ್ತೊಂಬತ್ತು ಬಿಟ್ಟು ಒಂದಕ್ಕೆ ಅಲೀತಿದ್ದೀರಲ್ಲ ಸ್ವಾಮಿ, ನಿಮ್ಮ ಕತೆ ಕುರಿ ಕಾಯೋನ ಹಾಗೇನೇ."

ಪಾದ್ರಿಗಳಿಗೆ ನಗು ಬರಲಿಲ್ಲ, ಅಳು ಬಂತು.

ಪರೀಕ್ಷಕರು ಬಂದು ಕುರ್ಚಿ ಎಳೆದು ಕೂತು, ಪೆನ್ನು ತೆಗೆದು, ಕೇಳುವವರೆಲ್ಲಿ ಎಂದರು. ಅಷ್ಟರಲ್ಲಿ ಪಾದ್ರಿಗಳ ಹೆಂಡತಿ ಚಹಾ ತಂದಿಟ್ಟಳು. ಆಕೆ ಅದೇ ಊರಿನ ಮಗಳು.

"ನಾನಿದ್ದೀನಲ್ಲ. ನಾನು ಕೇಳೇ ಇಲ್ಲ."

"ಒಂದೇ ಮನೇಲಿದ್ದುಕೊಂಡಾ?"

"ಇವರು ಬಾಯಿ ತೆಗೆದ್ರೆ ನನ್ನ ಕಿವಿ ಮುಚ್ಕೊಳ್ಳತ್ತೆ. ಇಲ್ಲದಿದ್ರೆ ಇಷ್ಟು ವರ್ಷ ಬಾಳ್ವೆ ಮಾಡೋಕಾಗ್ತಿತ್ತಾ?"

ಪರೀಕ್ಷಕರಿಗೂ ಮದುವೆಯಾಗಿತ್ತು. ನಂಬಿದರು. ಪಾದ್ರಿಗಳಿಗೆ ಮಾತ್ರ ಎದೆಗೆ ಚುಚ್ಚಿತು. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಇದಕ್ಕೇ. ಊರೆಲ್ಲ ಕೇಳಿತು, ಇವಳು ಕೇಳಲಿಲ್ಲ! ಆದರೂ ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆಯೆಂದು ಅದೇ ಕುರಿಯ ಕತೆ ಓದಿದರು. ಕುರಿ ಸಿಕ್ಕಿತು ಎನ್ನುವಲ್ಲಿಗೆ ಪರೀಕ್ಷಕರು ಸಾಕೆಂದು ಕೈ ಎತ್ತಿದರು.

ಆಕೆ ಬೆಟ್ಟ, ಹುಡುಕಾಟ, ಏನೂ ಬಿಡದೆ ಹೇಳಿದಳು. ಪಾದ್ರಿಗಳಿಗೆ ಹೋದ ಜೀವ ಬಂದಂತಾಯಿತು. ಆಕೆಗೂ ಹುರುಪು ಬಂದಿರಬೇಕು, ನಿಲ್ಲಿಸಲಿಲ್ಲ.

"ಆಮೇಲೆ ಅದನ್ನ ಹೆಗಲ ಮೇಲೆ ಹೊತ್ಕೊಂಡು ಮನೆಗೆ ಬಂದು, ಅಕ್ಕಪಕ್ಕದೋರನ್ನೆಲ್ಲ ಕರೆದು, ಸಿಕ್ತು ಕಣ್ರಪ್ಪಾ ನನ್ನ ಕುರಿ, ನೀವೂ ಸಂತೋಷಪಡಿ ಅಂದ."

"ಅಷ್ಟು ದೂರ ಇವರು ಓದಲೇ ಇಲ್ಲವಲ್ಲಮ್ಮಾ," ಎಂದು ಪರೀಕ್ಷಕರು ಪೆನ್ನಿಗೆ ಮುಚ್ಚಳ ಹಾಕಿದರು.

ಕಿಟಕಿಯ ಹೊರಗೆ ಕಿವಿಯಿಟ್ಟಿದ್ದ ದರ್ಜಿಗೆ ತಡೆಯಲಾಗಲಿಲ್ಲ. "ಅಕ್ಕ ಹೇಳಿದ್ದು ಸರಿಯಾಗೇ ಇದೆ ಸಾರ್, ಬೀದಿಯೋರೆಲ್ಲ ಸಾಕ್ಷಿ," ಅಂದ.

ಮೋಸಕ್ಕೆ ಮಿಷನ್ನಿನಲ್ಲಿ ಕ್ಷಮೆಯಿಲ್ಲವೆಂದು ಹೇಳಿ ಪರೀಕ್ಷಕರು ಸಂಜೆ ಬಸ್ಸು ಹತ್ತಿದರು. ಹದಿನಾಲ್ಕು ವರ್ಷ ನೀರಿನಲ್ಲಿ ಹೋಮವಾಯಿತು. ಪಾದ್ರಿಗಳು ಅಟ್ಟದಿಂದ ಟ್ರಂಕು ಇಳಿಸಿ, ಅದರ ಮೇಲೆಯೇ ಕುಸಿದು ಕೂತರು.

"ಎಲ್ಲಾ ಕೇಳಿದ್ದೀಯ. ಒಂದು ದಿನವಾದರೂ ಹೇಳಬಾರದಿತ್ತಾ?"

ಆಕೆ ತಣ್ಣಗಾದ ಚಹಾದ ಲೋಟ ಎತ್ತಿಕೊಂಡಳು.

"ಹೇಳಿದ್ರೆ ಇನ್ನೂ ಗಟ್ಟಿಯಾಗಿ ಓದ್ತಿದ್ರಿ."